ಸುಂಕದವರ ತಂಡದ ಲೆಕ್ಕ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೇನು ಫಲ ಎಂಬ ಗಾದೆಯ ಅರ್ಥವನ್ನು ವರ್ತಕರಾದ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆಮದು-ರಫ್ತು ವಹಿವಾಟಿನಲ್ಲಿರುವ ಸದಸ್ಯರಿಗಂತೂ ಕಸ್ಟಮ್ಸ್ ಎಂದರೆ ಕಾಗದಪತ್ರ, ಕಾಯುವಿಕೆ ಮತ್ತು ಡೆಮರೇಜು. ಅಂತಹ ಇಲಾಖೆಯೊಂದರ ಹೆಸರು ಹೊತ್ತ ಬಾಸ್ಕೆಟ್‌ಬಾಲ್ ಕ್ಲಬ್ಬೊಂದು ಆಫ್ರಿಕಾ ಖಂಡದ ಅಂತಿಮ ಪಂದ್ಯದವರೆಗೂ ಹೋಗಿ ಬಂದಿದೆ. ಅದು ಸೆನೆಗಲ್ ದೇಶದ ರಾಜಧಾನಿ ಡಾಕಾರ್‌ನ ಎ.ಎಸ್. ದುವಾನ್. 'ದುವಾನ್' ಎಂದರೆ ಫ್ರೆಂಚ್ ಭಾಷೆಯಲ್ಲಿ ಸುಂಕದ ಇಲಾಖೆ ಎಂದೇ ಅರ್ಥ. ಅಲ್ಲಿನ ಪತ್ರಿಕೆಗಳು ಈ ಆಟಗಾರರನ್ನು 'ಗಾಬೆಲೂ' ಎಂದೂ ಕರೆಯುತ್ತವೆ. ಹಳೆಯ ಫ್ರಾನ್ಸಿನಲ್ಲಿ 'ಗಾಬೆಲ್' ಎಂಬ ಉಪ್ಪಿನ ತೆರಿಗೆ ಇತ್ತು. ಅದನ್ನು ವಸೂಲು ಮಾಡುವವರಿಗೆ ಜನರಿಟ್ಟ ಹೆಸರಿದು. 1930ರಲ್ಲಿ ಅಂಕೋಲೆಯ ಕಡಲತೀರದಲ್ಲಿ ಉಪ್ಪಿನ ಕಾಯಿದೆ ಮುರಿದವರ ನಾಡಿನವರಾದ ನಮಗೆ ಆ ಹೆಸರಿನ ಕಹಿ ಅರ್ಥವಾಗದಿರದು. ಆದರೂ ಡಾಕಾರ್‌ನ ಜನ ಅದನ್ನೇ ಅಭಿಮಾನದಿಂದ ಕೂಗುತ್ತಾರೆ.

ಈ ಕ್ಲಬ್ಬಿನ ಇತಿಹಾಸವನ್ನು ಆಟದ ಕಣ್ಣಿನಿಂದ ನೋಡಿದವರು ಬಹಳ ಮಂದಿ. ಅದನ್ನು ಜಮಾ-ಖರ್ಚಿನ ಕಣ್ಣಿನಿಂದ ನೋಡಬೇಕೆಂಬುದು ನನ್ನ ಅಭಿಪ್ರಾಯ.

ಸೆನೆಗಲ್‌ಗೆ ಬಾಸ್ಕೆಟ್‌ಬಾಲ್ ಹೊಸದಲ್ಲ. ಆ ದೇಶದ ಪುರುಷರ ತಂಡ 1968, 1972, 1978, 1980 ಮತ್ತು 1997ರಲ್ಲಿ ಆಫ್ರಿಕಾದ ಚಾಂಪಿಯನ್ ಆಗಿತ್ತು. ದೂರದರ್ಶನದ ಹಕ್ಕು, ಪ್ರಾಯೋಜಕರ ಫಲಕ ಇವುಗಳ ಮಾತೇ ಇಲ್ಲದ ಕಾಲದಲ್ಲಿ ಆಟವನ್ನು ಉಳಿಸಿದವು ಸಂಸ್ಥೆಗಳು. ಸೇನೆಗೊಂದು ತಂಡ, ವಿಶ್ವವಿದ್ಯಾಲಯಕ್ಕೊಂದು ತಂಡ, ಸುಂಕದ ಇಲಾಖೆಗೊಂದು ತಂಡ. ನಮ್ಮ ಬೆಂಗಳೂರಿನಲ್ಲಿಯೂ ಐಟಿಐ, ಎಚ್‌ಎಎಲ್, ವಿಜಯಾ ಬ್ಯಾಂಕ್ ತಂಡಗಳು ಹೀಗೆಯೇ ಬೆಳೆದಿದ್ದನ್ನು ಹಿರಿಯ ಸದಸ್ಯರು ಬಲ್ಲರು. ಇಂತಹ ತಂಡ ಲಾಭ ಮಾಡುವುದಿಲ್ಲ. ಆದರೆ ಟಿಕೆಟ್ ಮಾರಾಟವಾಗದ ವರ್ಷವೂ ಅದು ಬೀಗ ಹಾಕಬೇಕಾಗಿಲ್ಲ. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ, ಬಡ್ಡಿ ಕೇಳದ ಬಂಡವಾಳ ಅದು.

ಈ ಹಳೆಯ ವ್ಯವಸ್ಥೆಯ ಮೇಲೆ ಹೊಸದೊಂದು ಮಹಡಿ ಎದ್ದದ್ದು ಇತ್ತೀಚೆಗೆ. ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎ ಮತ್ತು ಅಂತರರಾಷ್ಟ್ರೀಯ ಒಕ್ಕೂಟವಾದ ಫಿಬಾ ಜೊತೆಗೂಡಿ 'ಬಾಸ್ಕೆಟ್‌ಬಾಲ್ ಆಫ್ರಿಕಾ ಲೀಗ್' ನಡೆಸುವುದಾಗಿ 2019ರಲ್ಲಿ ಪ್ರಕಟಿಸಿದವು. ಅದರ ಅಧ್ಯಕ್ಷರಾದ ಅಮಾದೂ ಗಾಲೋ ಫಾಲ್ ಸೆನೆಗಲ್‌ನವರೇ. 2020ರಲ್ಲಿ ಡಾಕಾರ್‌ನಲ್ಲಿಯೇ ಆರಂಭವಾಗಬೇಕಿದ್ದ ಲೀಗ್ ಕೋವಿಡ್‌ನಿಂದ ಮುಂದಕ್ಕೆ ಹೋಗಿ, 2021ರ ಮೇ ತಿಂಗಳಲ್ಲಿ ರುವಾಂಡಾದ ಕಿಗಾಲಿಯಲ್ಲಿ ನಡೆಯಿತು. ಆಡಿದ 12 ಕ್ಲಬ್ಬುಗಳಲ್ಲಿ ದುವಾನ್ ಕೂಡ ಒಂದು. ಮರುವರ್ಷ ಸೆನೆಗಲ್‌ನ ಸ್ಥಾನ ಡಾಕಾರ್ ವಿಶ್ವವಿದ್ಯಾಲಯದ ಕ್ಲಬ್ಬಿಗೆ ಹೋಯಿತು. 2023ರಲ್ಲಿ ಮರಳಿ ಬಂದ ದುವಾನ್ ಸೆಮಿಫೈನಲ್‌ನಲ್ಲಿ ಅಂಗೋಲಾದ ಪೆಟ್ರೋ ದಿ ಲುವಾಂಡಾ ತಂಡವನ್ನು ಸೋಲಿಸಿ, ಈ ಲೀಗ್‌ನ ಅಂತಿಮ ಪಂದ್ಯ ತಲುಪಿದ ಮೊದಲ ಪಶ್ಚಿಮ ಆಫ್ರಿಕಾ ಕ್ಲಬ್ ಎನಿಸಿತು. ಮೇ 27ರಂದು ಈಜಿಪ್ಟಿನ ಅಲ್ ಅಹ್ಲಿ ಎದುರು 80-65ರಿಂದ ಸೋತಿತಾದರೂ ಆ ಸೋಲಿಗೆ ಯಾರೂ ನಾಚಬೇಕಾಗಿರಲಿಲ್ಲ.

ಅದೇ ಋತುವಿನಲ್ಲಿ ದುವಾನ್ ಪರವಾಗಿ ಏಳಡಿಗೂ ಮಿಕ್ಕ ಎತ್ತರದ, 16ರ ಹರೆಯದ ಹುಡುಗನೊಬ್ಬ ಆಡಿದ. ಹೆಸರು ಖಮಾನ್ ಮಲುವಾಚ್. ದಕ್ಷಿಣ ಸುಡಾನ್‌ನಲ್ಲಿ ಹುಟ್ಟಿ ಉಗಾಂಡದಲ್ಲಿ ಬೆಳೆದವನು. ಸೆನೆಗಲ್‌ನ ಸಾಲಿ ಎಂಬ ಊರಿನಲ್ಲಿ ಎನ್‌ಬಿಎ ನಡೆಸುವ ಅಕಾಡೆಮಿಯ ವಿದ್ಯಾರ್ಥಿ. ಅಕಾಡೆಮಿಯ ಹುಡುಗರನ್ನು ಕ್ಲಬ್ಬುಗಳಿಗೆ ಒಂದು ಋತುವಿನ ಮಟ್ಟಿಗೆ ಕಳುಹಿಸುವ ಯೋಜನೆಯಲ್ಲಿ ಆತ ಬಂದಿದ್ದ; ಮುಂದಿನ ವರ್ಷ ಉಗಾಂಡದ ಕ್ಲಬ್ಬಿಗೆ ಹೋದ. ಬಳಿಕ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯ ಸೇರಿ, 2025ರ ಎನ್‌ಬಿಎ ಆಯ್ಕೆಯಲ್ಲಿ 10ನೆಯವನಾಗಿ ಫೀನಿಕ್ಸ್ ಸನ್ಸ್ ತಂಡದ ಪಾಲಾದ. ಹುಡುಗನ ಏಳಿಗೆ ಸಂತೋಷದ ಸಂಗತಿ. ಆದರೆ ಸುಂಕದವರ ಕ್ಲಬ್ಬಿನ ಪುಸ್ತಕದಲ್ಲಿ ಅವನು ಒಂದು ಋತುವಿನ ಎರವಲು ಮಾತ್ರ.

ಈ ವಹಿವಾಟಿನ ರೀತಿ ನಮ್ಮ ಕರಾವಳಿಯವರಿಗೆ ಅಪರಿಚಿತವಲ್ಲ. ಪಶ್ಚಿಮ ಆಫ್ರಿಕಾದ ಕಚ್ಚಾ ಗೇರುಬೀಜ ಹಡಗು ಹತ್ತಿ ಬಂದು ನಮ್ಮ ಕಾರ್ಖಾನೆಗಳಲ್ಲಿ ತಿರುಳಾಗುತ್ತದೆ. ಬೆಲೆ ಏರುವುದು ಬೀಜ ಬೆಳೆದಲ್ಲಿ ಅಲ್ಲ, ಸಿಪ್ಪೆ ಬಿಡಿಸಿ ಡಬ್ಬಿ ತುಂಬುವಲ್ಲಿ. ಖರೀದಿದಾರರ ಪಂಕ್ತಿಯಲ್ಲಿ ಕುಳಿತಿರುವ ನಾವು ಇದನ್ನು ದೂರುವಂತಿಲ್ಲ. ಲಾಭ ಎಲ್ಲಿ ಕೂರುತ್ತದೆಂಬುದು ಮಾತ್ರ ನಮಗೆ ಚೆನ್ನಾಗಿ ಗೊತ್ತು. ಐವರಿ ಕೋಸ್ಟ್ ಈಗ ತನ್ನ ಗೇರುಬೀಜವನ್ನು ತಾನೇ ಸಂಸ್ಕರಿಸಲು ಹೊರಟಿರುವುದೂ ಅದೇ ಕಾರಣಕ್ಕೆ.

ಇನ್ನು ಸ್ಥಾನದ ಪ್ರಶ್ನೆ. 2021ರಿಂದ 2025ರವರೆಗಿನ ಐದು ಋತುಗಳಲ್ಲಿ ಸೆನೆಗಲ್‌ನ ರಾಷ್ಟ್ರೀಯ ಚಾಂಪಿಯನ್‌ಗೆ ಮಾತ್ರ ಈ ಲೀಗ್‌ಗೆ ನೇರ ಪ್ರವೇಶವಿತ್ತು. 2024ರಲ್ಲಿ ದುವಾನ್ ಮತ್ತೆ ಆಡಿತು. 2025ರಲ್ಲಿ ಆ ಜಾಗಕ್ಕೆ ಎ.ಎಸ್.ಸಿ. ವಿಲ್ ದಿ ಡಾಕಾರ್ ಬಂದಿತು. ಫೈನಲ್ ಆಡಿ ಎರಡು ವರ್ಷವೂ ಕಳೆಯದ ಕ್ಲಬ್ ತನ್ನದೇ ಊರಿನ ಪಂದ್ಯಗಳಿಂದ ಹೊರಗುಳಿಯಿತು. ಗೆದ್ದವರಿಗೆ ಬಾಗಿಲು ತೆರೆಯುವ ಈ ಪದ್ಧತಿ ನ್ಯಾಯವಾದುದೆಂದೇ ನಾನು ನಂಬುತ್ತೇನೆ. ಆದರೆ ಪ್ರತಿ ವರ್ಷ ಹೊಸದಾಗಿ ಟೆಂಡರು ಗೆಲ್ಲಬೇಕಾದ ಗುತ್ತಿಗೆದಾರ ಯಂತ್ರ ಕೊಳ್ಳಲು ಹಿಂಜರಿಯುತ್ತಾನೆ, ಬ್ಯಾಂಕೂ ಸಾಲ ಕೊಡಲು ಹಿಂಜರಿಯುತ್ತದೆ. ಮೇಲಾಗಿ, ಆ ಐದು ಋತುಗಳಲ್ಲೂ ಪಂದ್ಯಗಳು ಲೀಗ್ ಆರಿಸಿದ ಕೆಲವೇ ನಗರಗಳಲ್ಲಿ ನಡೆದವು. ಋತುವಿಡೀ ತವರಿನಲ್ಲಿ ಆಡಿ ಟಿಕೆಟ್ ಮಾರಿ ಖಾಯಂ ಗಿರಾಕಿಗಳನ್ನು ಬೆಳೆಸುವ ಅವಕಾಶ ಕ್ಲಬ್ಬುಗಳಿಗೆ ಇರಲಿಲ್ಲ. ಮೇಲಿನ ಮಹಡಿಯಲ್ಲಿ ಎನ್‌ಬಿಎ ಆಫ್ರಿಕಾ ಎಂಬ ಕಂಪನಿಯ ಮೌಲ್ಯವನ್ನು 2021ರಲ್ಲಿ ಸುಮಾರು 100 ಕೋಟಿ ಡಾಲರ್ ಎಂದು ಅಂದಾಜಿಸಲಾಗಿತ್ತು. ಕೆಳಗೆ ಅಡಿಪಾಯದಲ್ಲಿ ಇರುವುದು ಇಲಾಖೆ, ಸೇನೆ, ವಿಶ್ವವಿದ್ಯಾಲಯಗಳೇ.

ಸರ್ಕಾರದ ಆಸರೆಯೊಂದೇ ಸಾಕೆಂದೂ ನಾನು ಹೇಳುತ್ತಿಲ್ಲ. ನೈಜೀರಿಯದ ಪೋರ್ಟ್ ಹಾರ್ಕೋರ್ಟ್‌ನ ರಿವರ್ಸ್ ಹೂಪರ್ಸ್ ಅಲ್ಲಿನ ರಾಜ್ಯ ಸರ್ಕಾರದ ನೆರವಿನ ಕ್ಲಬ್. 2024ರಲ್ಲಿ ಮೂರನೆಯ ಸ್ಥಾನ ಗಳಿಸಿತು. ಆದರೆ ರಾಷ್ಟ್ರೀಯ ಒಕ್ಕೂಟದ ಆಡಳಿತ ವಿವಾದದ ನಡುವೆ 2022ರ ಲೀಗ್‌ನಲ್ಲಿ ನೈಜೀರಿಯದ ಒಂದು ಕ್ಲಬ್ಬೂ ಇರಲಿಲ್ಲ. ಅಧಿಕಾರಿಗಳ ಜಗಳಕ್ಕೆ ಆಟಗಾರರು ಒಂದು ವರ್ಷದ ದುಡಿಮೆ ತೆತ್ತರು.

ಡಾಕಾರ್‌ನ ವರ್ತಕರ ಮುಂದಿರುವ ದಾರಿ ನನಗೆ ಕಾಣುವಂತೆ ಒಂದೇ. ಸುಂಕದ ಕಟ್ಟೆಯಲ್ಲಿ ದಿನವೂ ಹಣ ಕಟ್ಟುವವರು ಅವರೇ. ಕ್ಲಬ್ಬಿನಲ್ಲಿ ಪಾಲು ಪಡೆದು, ಲೆಕ್ಕಪತ್ರ ಕೇಳುವ ಹಕ್ಕಿನೊಡನೆ ಒಳಗೆ ಬರಲಿ. ಇಲಾಖೆ ಅದಕ್ಕೆ ಬಾಗಿಲು ತೆರೆಯಲಿ. ಲೀಗ್ ಕೂಡ ತನ್ನ ಆದಾಯದಲ್ಲಿ ಒಂದಂಶವನ್ನು ಆ ವರ್ಷ ಆಡಿದ ಕ್ಲಬ್ಬಿಗಷ್ಟೇ ಅಲ್ಲ, ಹಿಂದೆ ಆಡಿ ಈಗ ಹೊರಗುಳಿದ ಕ್ಲಬ್ಬಿನ ಕಿರಿಯರ ತರಬೇತಿಗೂ ಕೊಡಲಿ. ವಿಲ್ ದಿ ಡಾಕಾರ್ ಆಡಿದ ವರ್ಷವೂ ದುವಾನ್‌ನ ಹುಡುಗರು ಬೆಳಗಾಗೆದ್ದು ಅಭ್ಯಾಸಕ್ಕೆ ಹೋಗಲೇಬೇಕಿತ್ತು. ಆ ಖರ್ಚು ಯಾರದೋ ಲೆಕ್ಕಕ್ಕೆ ಬಿದ್ದೇ ಬಿದ್ದಿರುತ್ತದೆ.