ಜರ್ಕಿನ್ನಿಗೆ ಇಷ್ಟೊಂದು ಜಿಪ್ಪು ಯಾಕೆ?

ಚಳಿಗಾಲ ಬಂತೆಂದರೆ ಸ್ವೆಟರು, ಶಾಲು, ರಗ್ಗು ಬಿಸಿಲಿಗೆ ಹಾಕುವುದು ನಮ್ಮೆಲ್ಲರ ಕೆಲಸ. ಈಗ ಅದರ ಜೊತೆಗೆ ಇನ್ನೊಂದು ಸೇರಿದೆ, ಮಕ್ಕಳ ಲೆದರ್ ಜರ್ಕಿನ್. ನಮ್ಮ ಶಿವಾರಪಟ್ಟಣ ಕಲ್ಲಿನ ಕೆಲಸಕ್ಕೆ ಹೆಸರಾದ ಊರು. ಬೆಳಗಾಯಿತೆಂದರೆ ಉಳಿಯ ಸದ್ದು. ಆದರೆ ಈಗೀಗ ಉಳಿಗಿಂತ ಮುಂಚೆ ಕೇಳುವುದು ಬೈಕಿನ ಸದ್ದು. ಮಾಲೂರು, ನರಸಾಪುರದ ಕಡೆ ಕಾರ್ಖಾನೆಗಳಿಗೆ ಮೊದಲ ಪಾಳಿಗೆ ಹೋಗುವ ಹುಡುಗರು ಇನ್ನೂ ಕತ್ತಲಿರುವಾಗಲೇ ಮಂಜಿನಲ್ಲಿ ಹೊರಡುತ್ತಾರೆ. ಅವರಿಗೆ ಜರ್ಕಿನ್ ಬೇಕು, ಬೇಡ ಅನ್ನುವ ತಾಯಿಯಿಲ್ಲ. ಜಗಳ ಬರುವುದು ಅದರ ಜಿಪ್ಪಿನ ಹತ್ತಿರ!

ನನ್ನ ತಂಗಿ ಮೊನ್ನೆ ಕೈಚೀಲದಲ್ಲಿ ಮಗನ ಜರ್ಕಿನ್ ತುರುಕಿಕೊಂಡು ಬಂದಳು. ಎರಡು ತಿಂಗಳ ಓ.ಟಿ. ದುಡ್ಡು ಕೂಡಿಟ್ಟು ಬೆಂಗಳೂರಿನಲ್ಲಿ ಕೊಂಡದ್ದಂತೆ. “ನೋಡಕ್ಕಾ, ಎಣಿಸಿದೆ, ಹತ್ತು ಜಿಪ್ಪು! ಮುಂದಿಂದು ಒಂದು ಸರಿ. ಉಳಿದ ಒಂಬತ್ತಕ್ಕೆ ದುಡ್ಡು ಸುರಿದು ಬಂದವ್ನೆ. ತೋಳಿಂದು ಎರಡು ಬಿಚ್ಚಿ ಹೊಲಿದುಬಿಡು, ಗಾಳಿ ಹೋಗದೆ ಇರ್ಲಿ. ಹಿಂದೆ ಸೊಂಟದ ಹತ್ರ ಒಂದವೆ, ಅದು ಯಾವುದಕ್ಕೂ ಅಂಟ್ಕೊಂಡಿಲ್ಲ, ಪಾಪುವಿನ ಸ್ಕೂಲ್ ಬ್ಯಾಗಿಗೆ ಆಯ್ತದೆ,” ಅಂದಳು. ಕತ್ತರಿ ಕೂಡ ಅವಳೇ ತಂದಿದ್ದಳು.

ಮೊದಲು ಕತ್ತರಿಯ ಮಾತೇ ಹೇಳಿಬಿಡುತ್ತೇನೆ. ಬಟ್ಟೆಯಲ್ಲಿ ಹೊಲಿಗೆ ಬಿಚ್ಚಿದರೆ ಸೂಜಿಯ ತೂತು ನಾಲ್ಕು ಸಲ ಒಗೆದ ಮೇಲೆ ಮುಚ್ಚಿಕೊಳ್ಳುತ್ತದೆ. ಚರ್ಮದಲ್ಲಿ ಬಿದ್ದ ತೂತು ಬಿದ್ದದ್ದೇ. ಸಾಲು ತೂತಿನ ಪಕ್ಕದಲ್ಲಿ ಇನ್ನೊಂದು ಸಾಲು ಹೊಲಿದರೆ ಅಂಚೆ ಚೀಟಿಯ ಅಂಚಿನ ಹಾಗೆ ಅಲ್ಲೇ ಹರಿದು ಬರುತ್ತದೆ. ಮನೆಯ ಮಿಷನ್ನಿನ ಸಾದಾ ಸೂಜಿ ದಪ್ಪ ಚರ್ಮಕ್ಕೆ ಇಳಿಯುವುದೂ ಇಲ್ಲ, ಮುರಿಯುತ್ತದೆ. ಅದಕ್ಕೆ ಬೇರೆ ಸೂಜಿಯಿದೆ, ತುದಿ ಸಣ್ಣ ಬಾಚಿಯಂತೆ ಇರುತ್ತದೆ. ಆದ್ದರಿಂದ ಚರ್ಮದ ಮೇಲೆ ಕತ್ತರಿ ಆಡಿಸುವ ಮುಂಚೆ ಜಿಪ್ಪು ಅಲ್ಲಿ ಯಾಕಿದೆ ಎಂದು ಕೇಳಿಕೊಳ್ಳಬೇಕು.

ತೋಳಿನದನ್ನೇ ನೋಡಿ. ಮಗುವಿನ ಫ್ರಾಕಿಗೆ ಬೆನ್ನಿನಲ್ಲಿ ಜಿಪ್ಪು ಯಾಕೆ ಇಡುತ್ತೇವೆ? ಕುತ್ತಿಗೆ ಚಿಕ್ಕದು, ತಲೆ ದೊಡ್ಡದು. ಇಲ್ಲೂ ಅದೇ ಲೆಕ್ಕ. ಮಣಿಕಟ್ಟು ಸಣ್ಣ, ಅಂಗೈ ಅಗಲ. ಉಣ್ಣೆಯಾದರೆ ಹಿಗ್ಗಿ ಮತ್ತೆ ಕುಗ್ಗುತ್ತದೆ, ದಪ್ಪ ಚರ್ಮ ಹಿಗ್ಗದು. ಕೈ ತೂರುವಷ್ಟು ಅಗಲ ಮಾಡಿ ಬಿಟ್ಟರೆ ಬೈಕು ಓಡುವಾಗ ಎರಡು ತೋಳೂ ಗಾಳಿಗೆ ಬಾಯಿ ತೆರೆದ ಕೊಳವೆ ಆಗುತ್ತವೆ, ತಣ್ಣನೆ ಗಾಳಿ ಕಂಕುಳಿನವರೆಗೂ ನುಗ್ಗುತ್ತದೆ. ಜಿಪ್ಪು ತೆಗೆದು ಕೈ ತೂರಿಸಿ, ಗವಸು ಹಾಕಿ, ಮತ್ತೆ ಎಳೆದರೆ ಬಿಗಿ. ತಂಗಿ ಗಾಳಿ ಹೋಗದಿರಲಿ ಎಂದು ಹೊಲಿಯಲು ಹೇಳಿದಳಲ್ಲ, ಆ ಕೆಲಸವನ್ನೇ ಆ ಜಿಪ್ಪು ಮಾಡುತ್ತಿದೆ. ಹೊಲಿದುಬಿಟ್ಟರೆ ಹುಡುಗನ ಕೈಯೇ ಒಳಗೆ ಹೋಗದು.

ಗಾಳಿ ಅಷ್ಟು ದೊಡ್ಡ ವಿಷಯವೇ ಅನ್ನಬೇಡಿ. ಬಿಸಿ ಕಾಫಿಯನ್ನು ಬಸಿಗೆ ಹಾಕಿ ಊದಿದರೆ ಏನಾಗುತ್ತದೆ? ಮೈಯ ಸುತ್ತ ಬೆಚ್ಚಗಿನ ತೆಳು ಗಾಳಿಯ ಪದರ ಇರುತ್ತದೆ, ಬೀಸುಗಾಳಿ ಅದನ್ನು ಹೊತ್ತುಕೊಂಡು ಹೋಗುತ್ತದೆ. ನಮ್ಮ ತಂದೆಯ ಕಾಲದವರು ಜಾವಾ ಬೈಕು ಓಡಿಸುವಾಗ ಸ್ವೆಟರಿನೊಳಗೆ ಎದೆಗೆ ನ್ಯೂಸ್ ಪೇಪರ್ ಮಡಿಸಿ ಇಟ್ಟುಕೊಳ್ಳುತ್ತಿದ್ದರು. (ಮೈಸೂರಿನ ಆ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು.) ಕಾಗದ ಬೆಚ್ಚಗಿರುತ್ತದೆ ಅಂತಲ್ಲ, ಗಾಳಿ ತಡೆಯುತ್ತದೆ ಅಂತ. ಚರ್ಮದ ಕೆಲಸವೂ ಅದೇ.

ಗುಂಡಿ ಹಾಕಿದ್ದರೆ ಆಗುತ್ತಿರಲಿಲ್ಲವೇ? ಮೊದಮೊದಲು ಹಾಕಿದ್ದು ಗುಂಡಿಯನ್ನೇ. ಅಮೆರಿಕದ ಸೈನ್ಯ ವಿಮಾನ ಹಾರಿಸುವವರಿಗೆ 1927ರಲ್ಲಿ ಕೊಟ್ಟ ಚರ್ಮದ ಜಾಕೆಟ್ಟಿಗೆ ಗುಂಡಿಗಳಿದ್ದವು. 1931ರಲ್ಲಿ ಅದರ ಬದಲಿಗೆ ಬಂದದ್ದು ಜಿಪ್ಪಿನದು. ಗುಂಡಿ ಗುಂಡಿಯ ನಡುವೆ ಗಾಳಿಗೆ ಸಂದು ಇದ್ದೇ ಇರುತ್ತದೆ. ಎಳೆದೆಳೆದು ಕಾಜಾ ಬಾಯಿ ಬಿಡುತ್ತದೆ. ಚಳಿಗೆ ಬೆರಳು ಮರಗಟ್ಟಿದಾಗ, ಅದರ ಮೇಲೆ ಗವಸು ಬೇರೆ, ಗುಂಡಿ ಹಾಕುವುದು ಯಾರಿಗೆ ಆಗುತ್ತದೆ? ಬೈಕಿನವರಿಗಾಗಿ ಜಿಪ್ಪಿನ ಚರ್ಮದ ಜಾಕೆಟ್ಟನ್ನು ನ್ಯೂಯಾರ್ಕಿನ ಇರ್ವಿಂಗ್ ಶಾಟ್ ಎಂಬಾತ 1928ರಲ್ಲಿ ಹೊಲಿಸಿ, ತನಗೆ ಇಷ್ಟವಾದ ಚುಟ್ಟದ ಹೆಸರು ‘ಪರ್ಫೆಕ್ಟೋ’ ಎಂದು ಇಟ್ಟ. ಬೆಲೆ ಐದೂವರೆ ಡಾಲರು. ಈಗ ನಮ್ಮ ಹುಡುಗರು ಹಾಕುವುದರಲ್ಲಿ ಬಹುಪಾಲು ಅದರ ಮೊಮ್ಮಕ್ಕಳೇ.

ಜಿಪ್ಪೂ ಒಂದೇ ಸಲಕ್ಕೆ ಹುಟ್ಟಿದ್ದಲ್ಲ. 1893ರಲ್ಲಿ ಅಮೆರಿಕದ ಜಡ್ಸನ್ ಮಾಡಿದ್ದು ಹುಕ್ಕಿನ ಸಾಲು, ಅದು ನಡುನಡುವೆ ಬಿಚ್ಚಿಕೊಳ್ಳುತ್ತಿತ್ತು. ಸ್ವೀಡನ್ನಿನಿಂದ ಬಂದ ಸುಂಡ್‌ಬ್ಯಾಕ್ 1913ರಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುವ ಹಲ್ಲಿನ ಜಿಪ್ಪು ಮಾಡಿದ. ‘ಜಿಪ್’ ಅನ್ನುವ ಹೆಸರು 1923ರಲ್ಲಿ ರಬ್ಬರ್ ಬೂಟಿನ ಕಂಪೆನಿಯವರು ಇಟ್ಟದ್ದು, ಎಳೆದಾಗ ಬರುವ ಸದ್ದಿನಿಂದ. ನಮ್ಮ ಹೆಂಗಸರ ಬ್ಲೌಸು ಮಾತ್ರ ಇವತ್ತಿಗೂ ಜಡ್ಸನ್ನನ ಹುಕ್ಕಿನಲ್ಲೇ ನಿಂತಿದೆ ನೋಡಿ!

ಮುಂದಿನ ಜಿಪ್ಪು ಕೆಲವು ಜರ್ಕಿನ್ನಿನಲ್ಲಿ ನಟ್ಟ ನಡುವೆ ಇರದೆ ಓರೆಯಾಗಿ ಇರುತ್ತದೆ. ಹೊಲಿದವನು ಸೊಟ್ಟ ಹೊಲಿದನೆಂದು ತಂಗಿಗೆ ಅನುಮಾನ. ಜಿಪ್ಪಿನ ಹಲ್ಲಿನ ನಡುವೆಯೂ ಕೊಂಚ ಗಾಳಿ ಸೋರುತ್ತದೆ. ಓರೆಯಾಗಿ ಇಟ್ಟರೆ ಚರ್ಮದ ಎರಡು ಪದರ ಎದೆಯ ಮೇಲೆ ಒಂದರ ಮೇಲೊಂದು ಬಂದು ಆ ಗಾಳಿಯನ್ನೂ ತಡೆಯುತ್ತವೆ. ಮುಂದಕ್ಕೆ ಬಗ್ಗಿ ಕೂತಾಗ ಬಿರುಸಾದ ಜಿಪ್ಪು ಹೊಟ್ಟೆಗೂ ಗಂಟಲಿಗೂ ಒತ್ತುವುದಿಲ್ಲ. ಬಿಸಿಲೇರಿದರೆ ಅರ್ಧ ಇಳಿಸಿ ಕಾಲರು ಮಡಚಿಕೊಳ್ಳಬಹುದು. ಹೊರಗಿನ ಮೂರು ಜೇಬಿನವು ಪರ್ಸು, ಮೊಬೈಲು ದಾರಿಯಲ್ಲಿ ಬೀಳದಿರಲು, ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಳಗಿನದೊಂದು ಉಣ್ಣೆಯ ಲೈನಿಂಗನ್ನು ಬೇಸಗೆಯಲ್ಲಿ ಕಳಚಿಡಲು. ಬೆನ್ನಿನ ಮೇಲಿನ ಎರಡನ್ನು ತೆಗೆದರೆ ಮಧ್ಯಾಹ್ನದ ಸೆಕೆಗೆ ಗಾಳಿಯಾಡುತ್ತದೆ.

ಉಳಿದದ್ದು ಸೊಂಟದ ಹಿಂದಿನದು, ಸ್ಕೂಲ್ ಬ್ಯಾಗಿಗೆ ಹೋಗಬೇಕಾಗಿದ್ದದ್ದು. ಅದರ ಇನ್ನೊಂದು ಅರ್ಧ ಬೈಕಿನವರ ಪ್ಯಾಂಟಿನಲ್ಲಿರುತ್ತದೆ, ಎರಡನ್ನೂ ಸೇರಿಸಿ ಎಳೆಯಬೇಕು. ಬೈಕಿನಿಂದ ಬಿದ್ದವರು ಬಿದ್ದಲ್ಲೇ ನಿಲ್ಲುವುದಿಲ್ಲ, ಡಾಂಬರಿನ ಮೇಲೆ ಜಾರಿಕೊಂಡು ಹೋಗುತ್ತಾರೆ. ಆಗ ಅಂಗಿ, ಜರ್ಕಿನ್ ಎಲ್ಲ ಮೇಲಕ್ಕೆ ಸರಿದು ಬೆನ್ನು, ಸೊಂಟ ಬರಿದಾಗಿ ಚರ್ಮ ಸುಲಿಯುತ್ತದೆ. ಹಾಗೆ ಸರಿಯದಂತೆ ಹಿಡಿಯುವುದು ಆ ಗೇಣುದ್ದದ ಜಿಪ್ಪು. ಇದನ್ನು ಹೇಳಿದಾಗ ತಂಗಿ ಸುಮ್ಮನಾದಳು. ಅವಳ ಯಜಮಾನರು ಕೆಲವು ವರ್ಷದ ಹಿಂದೆ ಹೆದ್ದಾರಿಯಲ್ಲಿ ಬಿದ್ದಿದ್ದರು. ತಿಂಗಳುಗಟ್ಟಲೆ ಬೆನ್ನಿನ ಗಾಯಕ್ಕೆ ಪಟ್ಟಿ ಬದಲಾಯಿಸಿದವಳು ಅವಳೇ. ಈಗಲೂ ಮಗ ಕಾರ್ಖಾನೆ ಗೇಟಿನಿಂದ ಫೋನು ಮಾಡುವವರೆಗೆ ಒಲೆ ಹಚ್ಚುವುದಿಲ್ಲ. “ಹಾಗಾದ್ರೆ ಆ ಪ್ಯಾಂಟು ಎಷ್ಟಕ್ಕಾ?” ಅಂದಳು ಕೊನೆಗೆ. ಕತ್ತರಿ ಚೀಲಕ್ಕೆ ಹೋಯಿತು.

ಅಂದ ಹಾಗೆ, ಚರ್ಮ ಉಜ್ಜುಗಾಯವನ್ನು ತಡೆಯಬಹುದೇ ಹೊರತು ತಲೆಯನ್ನು ಕಾಯದು. ಹೆಲ್ಮೆಟ್ಟು ಹಾಕಿ ಬೆಲ್ಟು ಬಿಗಿಯದೆ ಹೊರಟರೆ ಜರ್ಕಿನ್ ಕಸಿದು ಇಟ್ಟುಕೊಳ್ಳಿ!

ಇನ್ನು ಕೊಳ್ಳುವವರಿಗೆ ಒಂದು ಮಾತು. ತಂಗಿ ಹೇಳಿದ ಶೋಕಿಯೂ ಇಲ್ಲದಿಲ್ಲ. ಸಂತೆಯಲ್ಲಿ, ರಸ್ತೆ ಬದಿಯಲ್ಲಿ ಸಿಗುವ ಕೆಲವದರಲ್ಲಿ ಜಿಪ್ಪು ಬರೀ ಮೇಲೆ ಹೊಲಿದದ್ದು, ತೆಗೆದರೆ ಒಳಗೆ ಜೇಬೇ ಇಲ್ಲ. ಅಂಥದ್ದಕ್ಕೆ ಒಂದು ರೂಪಾಯಿಯೂ ಹೆಚ್ಚು ಕೊಡಬೇಡಿ. ಎಲ್ಲ ಜಿಪ್ಪನ್ನೂ ನಾಲ್ಕು ಸಲ ಎಳೆದು ನೋಡಿ. ನಿಂತು ಹಾಕಿ ನೋಡಿದರೆ ಸಾಲದು, ಹುಡುಗನನ್ನು ಬೈಕಿನ ಮೇಲೆ ಕೂತ ಹಾಗೆ ಕೂರಿಸಿ, ಕೈ ಮುಂದೆ ಚಾಚಿಸಿ. ತೋಳು ಮಣಿಕಟ್ಟಿನಿಂದ ಮೇಲೆ ಹೋಗಬಾರದು. ಚರ್ಮವೋ ರೆಕ್ಸಿನ್ನೋ ತಿಳಿಯಲು ಅಂಚಿನ ಒಳಮೈ ನೋಡಿ. ಚರ್ಮವಾದರೆ ನಾರುನಾರಾಗಿರುತ್ತದೆ, ರೆಕ್ಸಿನ್ನಿಗೆ ಬಟ್ಟೆಯ ನೇಯ್ಗೆ ಕಾಣುತ್ತದೆ. ಬೆಂಕಿಕಡ್ಡಿ ತೋರಿಸಿ ಪರೀಕ್ಷೆ ಮಾಡುವವರಿದ್ದಾರೆ, ಬೇಡ.

ನಮ್ಮ ಊರಲ್ಲಿ ಕಲ್ಲಿನ ಧೂಳು ಹೆಚ್ಚು, ಜಿಪ್ಪು ಬಿಗಿಯಾಗುವುದು ಅದಕ್ಕೇ. ಜೋರಾಗಿ ಎಳೆಯಬೇಡಿ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಧೂಳು ತೆಗೆದು, ಮೇಣದ ಬತ್ತಿಯ ತುದಿಯನ್ನು ಹಲ್ಲಿನ ಮೇಲೆ ಎರಡು ಸಲ ಎಳೆಯಿರಿ. ಹಿತ್ತಾಳೆ ಹಲ್ಲು ಕಪ್ಪಾಯಿತೆಂದು ದೇವರ ದೀಪದ ಹಾಗೆ ಹುಣಸೆಹಣ್ಣು ಹಾಕಿ ಉಜ್ಜಿದರೆ ಪಕ್ಕದ ಚರ್ಮ ಕೆಟ್ಟಿತು. ಎಳೆದ ಹಿಂದೆಯೇ ಬಾಯಿ ಬಿಡುತ್ತಿದ್ದರೆ ಇಡೀ ಜಿಪ್ಪು ಹೋಯಿತು ಅಂತಲ್ಲ, ರನ್ನರ್ ಸಡಿಲವಾಗಿದೆ. ಅದರ ಎರಡು ಬದಿಯನ್ನೂ ಇಕ್ಕಳದಲ್ಲಿ ಹಗುರವಾಗಿ ಒತ್ತಿದರೆ ಬಹಳ ಸಲ ಸರಿಹೋಗುತ್ತದೆ. ಆಗದಿದ್ದರೆ ರನ್ನರ್ ಒಂದನ್ನೇ ಬದಲಾಯಿಸಿ ಎಂದು ಬ್ಯಾಗು ರಿಪೇರಿಯವರಿಗೆ ಹೇಳಿ.

ಜರ್ಕಿನ್ನನ್ನು ನೀರಲ್ಲಿ ಅದ್ದಬಾರದು. ಒದ್ದೆ ಬಟ್ಟೆ ಹಿಂಡಿ ಒರೆಸಿ, ನೆರಳಲ್ಲಿ ಆರಿಸಿ. ಕೊಬ್ಬರಿ ಎಣ್ಣೆ ಹಚ್ಚಿದರೆ ಬಣ್ಣ ಮಂಕಾಗಿ ಧೂಳು ಹಿಡಿಯುತ್ತದೆ. ಶಿವರಾತ್ರಿ ಕಳೆದ ಮೇಲೆ ತೆಗೆದಿಡುವಾಗ ಪ್ಲಾಸ್ಟಿಕ್ ಚೀಲ ಬೇಡ, ಬೂಷ್ಟು ಬರುತ್ತದೆ. ಜೇಬು ಖಾಲಿ ಮಾಡಿ, ಜಿಪ್ಪೆಲ್ಲ ಮುಚ್ಚಿ, ಅಗಲವಾದ ಹ್ಯಾಂಗರಿಗೆ ಹಾಕಿ ಮೇಲೊಂದು ಹಳೇ ಪಂಚೆ ಹೊದಿಸಿ.