ಒಂದು ಹನಿಯ ಲೆಕ್ಕ

ಮಕ್ಕಳೇ, ಮಕ್ಕಳಿಗೆ ಇದನ್ನು ಓದಿ ಹೇಳುವ ಅಜ್ಜ-ಅಜ್ಜಿಯರೇ, ಈ ವಾರ ನಾನು ಮಾಡಿದ ಒಂದು ತಪ್ಪಿನ ಕಥೆ ಹೇಳುತ್ತೇನೆ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದವನು ಒಂದು ಹನಿ ನೀರಿನ ಲೆಕ್ಕದಲ್ಲಿ ಎಡವಿದ ಕಥೆ.

ಹೋದ ವರ್ಷ ನಾನೂ ನಮ್ಮ ಮನೆಯವಳೂ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಅಲ್ಲಿಂದ ಪರ್ತ್‌ಗೆ ಹೋಗುವುದೆಂದು ಮೊದಲೇ ಮಾತಾಗಿತ್ತು. ಪರ್ತ್‌ನಲ್ಲಿ ನನ್ನ ಅಕ್ಕ ಅವಳ ಮಗನ ಜೊತೆ ಇದ್ದಾಳೆ. ಅವಳಿಗೆ ಈಗ ಎಂಬತ್ತನಾಲ್ಕು. ನಾವಿಬ್ಬರೂ ಎದುರೆದುರು ಕೂತು ಮಾತಾಡಿ ಹನ್ನೊಂದು ವರ್ಷವಾಗಿತ್ತು. ವಿಮಾನದಲ್ಲಿ ಹೋದರೆ ಸುಮಾರು ನಾಲ್ಕು ಗಂಟೆಯ ದಾರಿ. ಆದರೆ ಅಳಿಯಂದಿರು ಒಂದು ಹಳೆಯ ಕ್ಯಾರವಾನ್ ಕೊಂಡಿದ್ದರು. "ಮಾವ, ರಸ್ತೆಯಲ್ಲೇ ಹೋಗೋಣ. ದೇಶ ನೋಡಿದ ಹಾಗೂ ಆಗುತ್ತೆ" ಎಂದರು. ದೂರ ಸುಮಾರು 3,400 ಕಿಲೋಮೀಟರ್!

ಕ್ಯಾರವಾನ್ ಎಂದರೆ ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಗಾಲಿಯ ಮೇಲಿನ ಮನೆ. ಒಳಗೆ ಮಂಚ, ಒಲೆ, ಪಾತ್ರೆ ತೊಳೆಯುವ ತೊಟ್ಟಿ, ಬಟ್ಟೆಯ ಕಪಾಟು ಎಲ್ಲ ಇರುತ್ತವೆ. ನಾವು ಚಿಕ್ಕವರಿದ್ದಾಗ ಚಾಪೆಯ ಕಮಾನು ಕಟ್ಟಿದ ಎತ್ತಿನ ಗಾಡಿಯಲ್ಲಿ ಜಾತ್ರೆಗೆ ಹೋಗುತ್ತಿದ್ದೆವು. ಅದರ ದೊಡ್ಡಣ್ಣ ಅಂದುಕೊಳ್ಳಿ. ಆ ದೇಶದಲ್ಲಿ ಕೆಲಸದಿಂದ ನಿವೃತ್ತರಾದ ಎಷ್ಟೋ ಮಂದಿ ಇಂಥ ಗಾಡಿ ಕಟ್ಟಿಕೊಂಡು ತಿಂಗಳುಗಟ್ಟಲೆ ತಿರುಗುತ್ತಾರೆ. ಅವರಿಗೆ ‘ಗ್ರೇ ನೋಮ್ಯಾಡ್ಸ್’, ಅಂದರೆ ನರೆತಲೆಯ ಅಲೆಮಾರಿಗಳು ಎಂದು ಹೆಸರು. ನನ್ನ ತಲೆಯೂ ನರೆತಿದೆಯಲ್ಲ, ಹುಮ್ಮಸ್ಸು ಬಂತು.

ಕ್ಯಾರವಾನನ್ನು ಮನೆಯ ಪಕ್ಕದ ಮರದ ಕೆಳಗೆ ನಿಲ್ಲಿಸಿದ್ದರು. ಅದು ನೀಲಗಿರಿ ಮರ. ನಮ್ಮೂರಿನ ನೀಲಗಿರಿಯ ತವರುಮನೆ ಆಸ್ಟ್ರೇಲಿಯಾವೇ. ಅಲ್ಲಿನ ದೊಡ್ಡ ನೀಲಗಿರಿ ಮರಗಳಿಗೆ ಒಂದು ಕೆಟ್ಟ ಅಭ್ಯಾಸ ಉಂಟು. ಕೆಲವೊಮ್ಮೆ ಗಾಳಿ ಇಲ್ಲದಿದ್ದರೂ ಕೊಂಬೆಯನ್ನು ಕೆಡವಿಬಿಡುತ್ತವೆ. ಒಂದು ರಾತ್ರಿ ಧಡ್ ಎಂದು ಸದ್ದಾಯಿತು. ಬೆಳಿಗ್ಗೆ ನೋಡಿದರೆ ತೋಳು ಗಾತ್ರದ ಕೊಂಬೆ ಕ್ಯಾರವಾನ್ ಮೇಲೆ ಬಿದ್ದಿತ್ತು. ಅಳಿಯಂದಿರು ಕೊಂಬೆ ಎಳೆದು ಹಾಕಿ, ಕೆಳಗಿನಿಂದಲೇ ಒಮ್ಮೆ ನೋಡಿ, "ಸ್ವಲ್ಪ ತಗ್ಗಾಗಿದೆ ಅಷ್ಟೇ" ಎಂದು ಕೆಲಸಕ್ಕೆ ಹೋದರು.

ಎರಡು ಮಳೆ ಆದ ಮೇಲೆ ನನ್ನ ಮೊಮ್ಮಗ ಪುಟ್ಟ ನನ್ನ ಕೈ ಹಿಡಿದು ಕ್ಯಾರವಾನ್ ಒಳಗೆ ಕರೆದುಕೊಂಡು ಹೋದ. "ಅಜ್ಜ, ಮೇಲೆ ನೋಡು. ಚಾ ಚೆಲ್ಲಿದ ಹಾಗಿದೆ." ಛಾವಣಿಯಲ್ಲಿ ಅಂಗೈ ಅಗಲದ ಕಂದು ಕಲೆ. ನಾನು ಏನು ಹೇಳಿದೆ ಗೊತ್ತೇ? "ಹಳೇ ಗಾಡಿ ಕಣೋ, ಕಲೆ ಇರ್ತದೆ. ಅಪ್ಪನಿಗೆ ಹೇಳಬೇಡ, ಪಾಪ, ಅವರಿಗೆ ಆಫೀಸಿನದ್ದೇ ಸಾಕಷ್ಟಿದೆ." ಅಳಿಯನ ಮನೆಯಲ್ಲಿ ತಪ್ಪು ಹುಡುಕುವ ಮಾವ ಎನಿಸಿಕೊಳ್ಳಬಾರದು ಎಂಬುದು ನನ್ನ ಮನಸ್ಸಿನಲ್ಲಿತ್ತು. ಪ್ರಯಾಣ ಎಲ್ಲಿ ಮುಂದಕ್ಕೆ ಹೋಗುತ್ತದೋ ಎಂಬ ಅಳುಕೂ ಇತ್ತು. ಪುಟ್ಟ ಸುಮ್ಮನಾದ.

ಹೊರಡಲು ನಾಲ್ಕು ದಿನ ಇತ್ತು. ಹೊದಿಕೆಗಳನ್ನು ಜೋಡಿಸಿಡಲು ಮಗಳು ಮೇಲಿನ ಕಪಾಟು ತೆಗೆದಳು. ಮುಗ್ಗಲು ವಾಸನೆ ಮುಖಕ್ಕೆ ಬಡಿಯಿತು. ಅಳಿಯಂದಿರು ಕಲೆಯ ಮೇಲೆ ಹೆಬ್ಬೆರಳು ಒತ್ತಿದರೆ ಹಲಗೆ ನೆನೆದ ರಸ್ಕಿನ ಹಾಗೆ ಒಳಗೆ ಹೋಯಿತು.

ಅವರು ಅಂಗಡಿಯಿಂದ ಸಿಲಿಕೋನ್ ಟ್ಯೂಬ್ ತಂದು ಬಳಿಯಲು ಹೊರಟಿದ್ದರು. ಪಕ್ಕದ ಮನೆಯ ಹಿರಿಯರು, ಹಿಂದೆ ಬಡಗಿಯಾಗಿದ್ದವರು, ಬೇಲಿಯಾಚೆಯಿಂದಲೇ ತಡೆದರು. ಆಮೇಲೆ ಅವರು ಹೇಳಿಕೊಟ್ಟದ್ದನ್ನು ನಿಮಗೂ ಹೇಳುತ್ತೇನೆ.

ಈ ಗಾಡಿಯ ಛಾವಣಿಯಲ್ಲಿ ಮೇಲೆ ತೆಳು ಅಲ್ಯೂಮಿನಿಯಂ ತಗಡು, ಅದರ ಕೆಳಗೆ ಮರದ ಪಟ್ಟಿಗಳು, ಪಟ್ಟಿಗಳ ನಡುವೆ ಶಾಖ ತಡೆಯುವ ಫೋಮ್, ಎಲ್ಲಕ್ಕಿಂತ ಕೆಳಗೆ ಪ್ಲೈವುಡ್. ನೀರು ತೂತಿನ ನೇರ ಕೆಳಗೇ ಬೀಳುವುದಿಲ್ಲ. ಮರದ ಪಟ್ಟಿ ಹಿಡಿದು ಜಾರಿ ಎಲ್ಲೋ ತೊಟ್ಟಿಕ್ಕುತ್ತದೆ. ನಮ್ಮ ಕಲೆಗೂ ಅಸಲಿ ತೂತಿಗೂ ಎರಡು ಅಡಿ ಅಂತರವಿತ್ತು! ಕೊಂಬೆಯ ತುದಿ ಗಾಳಿಕಿಂಡಿಯ ಚೌಕಟ್ಟನ್ನು ಸೀಳಿತ್ತು. ಪಕ್ಕದಲ್ಲಿ ತಗಡು ಬೆರಳುದ್ದ ಹರಿದಿತ್ತು.

ಬ್ಯಾಂಕಿನಲ್ಲಿ ನಾವು ಕೈಯಲ್ಲೇ ಲೆಡ್ಜರ್ ಬರೆಯುತ್ತಿದ್ದ ಕಾಲದಲ್ಲಿ ದಿನದ ಕೊನೆಗೆ ಲೆಕ್ಕ ತಾಳೆಯಾಗಬೇಕಿತ್ತು. ಒಂದು ರೂಪಾಯಿ ವ್ಯತ್ಯಾಸ ಬಂದರೂ ಮನೆಗೆ ಹೋಗುವಂತಿರಲಿಲ್ಲ. ನಮ್ಮ ಮ್ಯಾನೇಜರ್ ತಮ್ಮ ಜೇಬಿನಿಂದ ರೂಪಾಯಿ ಹಾಕಿ ಮುಗಿಸಲು ಬಿಡುತ್ತಿರಲಿಲ್ಲ. ಯಾಕೆಂದರೆ ಒಂದು ಕಡೆ ಐನೂರು ಹೆಚ್ಚು, ಇನ್ನೊಂದು ಕಡೆ ನಾನೂರ ತೊಂಬತ್ತೊಂಬತ್ತು ಹೆಚ್ಚು ಬರೆದಿದ್ದರೂ ಮೇಲೆ ಕಾಣುವುದು ಒಂದೇ ರೂಪಾಯಿ. ಸಣ್ಣ ವ್ಯತ್ಯಾಸದ ಹಿಂದೆ ದೊಡ್ಡ ತಪ್ಪು ಅಡಗಿರಬಹುದು ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದವನು ನಾನು. ಅದೇ ನಾನು ಅಂಗೈ ಅಗಲದ ಕಲೆಗೆ "ಇರ್ತದೆ" ಎಂದಿದ್ದೆ.

ಆ ರಾತ್ರಿ ಊಟಕ್ಕೆ ಕೂತಾಗ ತುತ್ತು ಇಳಿಯಲಿಲ್ಲ. "ಪುಟ್ಟ ಹತ್ತು ದಿನದ ಹಿಂದೆಯೇ ಇದನ್ನು ಕಂಡಿದ್ದ. ಬಾಯಿ ಮುಚ್ಚಿಸಿದವನು ನಾನು" ಎಂದೆ. ಅಳಿಯಂದಿರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾನೂ ಕೆಳಗೇ ನಿಂತು ನೋಡಿದೆನಲ್ಲ ಮಾವ, ಏಣಿ ಹಾಕಲಿಲ್ಲ" ಎಂದರು. ಪುಟ್ಟ ಮಾತ್ರ ನನ್ನನ್ನೇ ನೋಡುತ್ತಿದ್ದ. ನಾನು ಅವನಿಗೂ "ತಪ್ಪಾಯ್ತು ಕಣೋ" ಎಂದೆ.

ಅಕ್ಕನಿಗೆ ಫೋನ್ ಮಾಡಿ ಪ್ರಯಾಣ ಒಂಬತ್ತು ದಿನ ತಡ ಎಂದು ಹೇಳುವುದು ಇನ್ನೂ ಕಷ್ಟವಾಗಿತ್ತು. ಅವಳು ನಕ್ಕಳು. "ಹನ್ನೊಂದು ವರ್ಷ ಕಾದವಳಿಗೆ ಒಂಬತ್ತು ದಿನ ಹೆಚ್ಚೇನೋ? ನೆನಪಿದೆಯಾ, ಮೃಗಶಿರ ಮಳೆ ಹಿಡಿಯೋ ಮೊದಲು ಅಪ್ಪ ಮಾಡು ಹತ್ತಿ ಹಂಚು ಕೈಯಾಡಿಸ್ತಿದ್ರು. ಕೆಳಗೆ ಅಟ್ಟದಲ್ಲಿ ನಿಂತು ‘ಇಲ್ಲಿ ಬೆಳಕು ಕಾಣ್ತದೆ, ಇಲ್ಲಿ’ ಅಂತ ಕೂಗೋಳು ನಾನು. ದೊಡ್ಡೋರ ಕಣ್ಣಿಗೆ ಕಾಣದ್ದು ಮಕ್ಕಳ ಕಣ್ಣಿಗೆ ಕಾಣ್ತದೆ ಅಂತಿದ್ರು ಅಪ್ಪ. ಮರೆತುಬಿಟ್ಯಾ?"

ಮರೆತಿದ್ದೆ.

ಮರುದಿನದಿಂದ ಕೆಲಸ ಶುರು. ತೆಳು ತಗಡಿನ ಮೇಲೆ ಕಾಲಿಟ್ಟರೆ ಇನ್ನಷ್ಟು ತಗ್ಗಾಗುತ್ತದೆ. ಅದಕ್ಕೆ ಅಗಲವಾದ ಹಲಗೆ ಹಾಸಿ, ಭಾರ ಹಂಚಿ, ಅಳಿಯಂದಿರು ಅದರ ಮೇಲೆ ಕೂತರು. ಏಣಿ ಹಿಡಿಯುವ ಕೆಲಸ ನನ್ನದು. ಹಳೆಯ ಅಂಟನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ತೆಗೆದು, ಸ್ಪಿರಿಟ್‌ನಿಂದ ಒರೆಸಿದರು. ಸಿಲಿಕೋನ್ ಯಾಕೆ ಬೇಡ ಎಂದರೆ, ಅದನ್ನು ಒಮ್ಮೆ ಬಳಿದ ಜಾಗಕ್ಕೆ ಮುಂದೆ ಬೇರಾವ ಅಂಟೂ ಸರಿಯಾಗಿ ಹಿಡಿಯುವುದಿಲ್ಲ. ಒಳಗಡೆಯಿಂದ ಕೊಳೆತ ಮರದ ಪಟ್ಟಿಯನ್ನು ಮೂರು ಅಡಿ ಕತ್ತರಿಸಿ ತೆಗೆದರು. ಉಳಿದ ಮರ ಒಣಗಲು ಹಗಲು-ರಾತ್ರಿ ಫ್ಯಾನ್ ಓಡಿಸಿದೆವು. ಹೆಚ್ಚು ದಿನ ಹಿಡಿದದ್ದು ಇದಕ್ಕೇ. ಒದ್ದೆ ಮರದ ಮೇಲೆ ಮುಚ್ಚಿದರೆ ಒಳಗೇ ಕೊಳೆಯುತ್ತದೆ. ಆಮೇಲೆ ಹೊಸ ಪಟ್ಟಿ, ಹೊಸ ಪ್ಲೈವುಡ್. ಹರಿದ ಜಾಗಕ್ಕೆ ಅಲ್ಯೂಮಿನಿಯಂ ತೇಪೆ ಇಟ್ಟು, ಕೆಳಗೆ ಅಂಟು ಹಾಕಿ, ಸುತ್ತ ರಿವೆಟ್ ಹೊಡೆದರು. ಹೊಸ ಗಾಳಿಕಿಂಡಿಯ ಅಂಚಿಗೆ ಬ್ಯುಟೈಲ್ ಎಂಬ, ರಬ್ಬರಿನಂತೆ ಮೆತ್ತಗಿರುವ ಪಟ್ಟಿ ಹಾಕಿದರು.

ಮೆತ್ತಗಿನದೇ ಯಾಕೆ? ಶಾಲೆಯ ಮಕ್ಕಳಿಗೆ ಒಂದು ಲೆಕ್ಕ. ಒಂದು ಮೀಟರ್ ಅಲ್ಯೂಮಿನಿಯಂ ಒಂದು ಡಿಗ್ರಿ ಬಿಸಿ ಏರಿದರೆ ಸುಮಾರು 0.023 ಮಿಲಿಮೀಟರ್ ಹಿಗ್ಗುತ್ತದೆ. ನಮ್ಮ ಛಾವಣಿ 5 ಮೀಟರ್ ಉದ್ದ. ರಾತ್ರಿಯ ಚಳಿಗೂ ಹಗಲಿನ ಬಿಸಿಲಿನಲ್ಲಿ ಕಾದ ತಗಡಿಗೂ 40 ಡಿಗ್ರಿ ವ್ಯತ್ಯಾಸ ಅಂದುಕೊಳ್ಳಿ. ಗುಣಿಸಿ ನೋಡಿ: 4.6 ಮಿಲಿಮೀಟರ್. ಛಾವಣಿ ದಿನವೂ ಅಷ್ಟು ಹಿಗ್ಗಿ ಕುಗ್ಗುವಾಗ ಗಟ್ಟಿ ಗಾರೆಯಂಥ ಅಂಟಾದರೆ ಬಿರುಕು ಬಿಡುತ್ತದೆ. ಮೆತ್ತಗಿದ್ದರೆ ಜೊತೆಗೇ ಹಿಗ್ಗಿ ಕುಗ್ಗುತ್ತದೆ.

ಎಂಟನೇ ದಿನ ಪರೀಕ್ಷೆ. ಅಳಿಯಂದಿರು ಹೊರಗೆ ಪೈಪಿನಿಂದ ನೀರು ಬಿಟ್ಟರು. ಮೊದಲು ತಗ್ಗಿನ ಭಾಗಕ್ಕೆ, ನಿಧಾನವಾಗಿ ಮೇಲಿನ ಭಾಗಕ್ಕೆ. ಹಾಗೆ ಮಾಡಿದರೆ ಎಲ್ಲಿ ನೀರು ಬಿಟ್ಟಾಗ ಸೋರಿತು ಎಂದು ಗೊತ್ತಾಗುತ್ತದೆ. ಒಳಗೆ ಟಾರ್ಚ್ ಹಿಡಿದು ನಿಂತವನು ಪುಟ್ಟ. ಅರ್ಧ ಗಂಟೆ ಕತ್ತು ಎತ್ತಿಯೇ ಇದ್ದ. ಕಿಂಡಿಯ ಒಂದು ಮೂಲೆಯಲ್ಲಿ, "ಅಪ್ಪ, ಇಲ್ಲಿ! ಒಂದೇ ಒಂದು ಹನಿ!" ಎಂದು ಕೂಗಿದ. ಈ ಸಲ ಯಾರೂ "ಇರ್ತದೆ" ಎನ್ನಲಿಲ್ಲ. ಕಿಂಡಿ ಬಿಚ್ಚಿ, ಪಟ್ಟಿ ಮತ್ತೆ ಹಾಕಿ, ಮರುದಿನ ಮತ್ತೆ ನೀರು ಬಿಟ್ಟೆವು. ಒಳಗೆ ಒಂದು ಹನಿಯೂ ಇಳಿಯಲಿಲ್ಲ.

ಹೊರಟೆವು. ದಾರಿಯಲ್ಲಿ ನಲ್ಲಾರ್ಬರ್ ಎಂಬ ಬಯಲು ಸಿಗುತ್ತದೆ. ಲ್ಯಾಟಿನ್‌ನಲ್ಲಿ ‘ಮರವೇ ಇಲ್ಲ’ ಎಂದು ಅರ್ಥ. ಅಲ್ಲಿ ಒಂದು ಕಡೆ ಸುಮಾರು 146 ಕಿಲೋಮೀಟರ್ ರಸ್ತೆ ಒಂದು ತಿರುವೂ ಇಲ್ಲದೆ ನೇರ ಹೋಗುತ್ತದೆ. ಕಡಲ ಅಂಚಿನ ಬಂಡೆಯ ಮೇಲೆ ನಿಂತು ಮರಿಗಳೊಡನೆ ತೇಲುವ ತಿಮಿಂಗಿಲಗಳನ್ನು ನೋಡಿದೆವು. ಆ ಕಥೆ ಇನ್ನೊಂದು ವಾರ.

ಆ ಬಯಲಿನಲ್ಲೇ ಒಂದು ರಾತ್ರಿ ಮಳೆ ಬಂತು. ಸುತ್ತ ಒಂದು ದೀಪವೂ ಇಲ್ಲ. ತಗಡಿನ ಮೇಲೆ ಹನಿಗಳ ಸದ್ದು. ನನಗೆ ಎಚ್ಚರವಾಯಿತು. ನೋಡಿದರೆ ಪುಟ್ಟ ಮೇಲಿನ ಮಂಚದಲ್ಲಿ ಎದ್ದು ಕೂತು ಛಾವಣಿಗೆ ಅಂಗೈ ಒತ್ತಿ ಹಿಡಿದಿದ್ದಾನೆ. "ಏನೋ?" ಎಂದೆ. "ಒಣಗಿದೆ ಅಜ್ಜ, ಮಲಗು" ಎಂದ. ಮಲಗಿದೆ.

ಪರ್ತ್‌ನಲ್ಲಿ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಇಬ್ಬರಿಗೂ ಮಾತು ಹೊರಡಲಿಲ್ಲ. ಕಾಫಿ ಕುಡಿದ ಮೇಲೆ ಕೋಲು ಊರಿಕೊಂಡು ಕ್ಯಾರವಾನ್ ಹತ್ತಿದಳು. ಕತ್ತೆತ್ತಿ ಮೂಲೆ ಮೂಲೆ ನೋಡಿ, "ಎಲ್ಲೂ ಬೆಳಕು ಕಾಣ್ತಿಲ್ಲ" ಎಂದು ಪುಟ್ಟನ ಬೆನ್ನು ತಟ್ಟಿದಳು.

ಮಕ್ಕಳೇ, ಈ ಭಾನುವಾರ ನಿಮ್ಮ ಮನೆಯ ಛಾವಣಿಯನ್ನು ಮೂಲೆ ಮೂಲೆ ನೋಡಿ. ಏಣಿ ಹತ್ತಬೇಡಿ, ಕೆಳಗೆ ನಿಂತೇ ನೋಡಿದರೆ ಸಾಕು. ಕಲೆ ಕಂಡರೆ ದೊಡ್ಡವರಿಗೆ ಹೇಳಿ. ಅವರು "ಇರ್ತದೆ" ಎಂದರೆ ಇನ್ನೊಮ್ಮೆ ಹೇಳಿ. ಅಜ್ಜಂದಿರೇ, ಅವರು ಕೈ ಹಿಡಿದು ಕರೆದಾಗ ಎದ್ದು ಹೋಗಿ ನೋಡಿ.