ಪದಕದ ತೂಕ

ನವೆಂಬರ್ ಒಂದರ ಮುಂಜಾವು. ಬೆಂಗಳೂರಿನ ಮೈಸೂರು ರಸ್ತೆಯ ಬದಿಯ ದೀಪಾಂಜಲಿ ನಗರದ ಡಿಪೋದಿಂದ ಮೊದಲ ಬಸ್ಸುಗಳು ಹೊರಡುವ ಹೊತ್ತಿಗೆ ಬಡಾವಣೆಗೆ ಇನ್ನೂ ಪೂರ್ಣ ಎಚ್ಚರವಾಗಿರುವುದಿಲ್ಲ. ರಾಜ್ಯೋತ್ಸವವೆಂದು ಊರೆಲ್ಲ ಹಳದಿ-ಕೆಂಪು ಬಾವುಟ ಕಟ್ಟಿಕೊಂಡರೂ ಬಸ್ಸಿನ ಚಾಲಕನಿಗೆ ಅಂದು ಬಿಡುವಿಲ್ಲ. ಹಬ್ಬಕ್ಕೆ ಹೊರಟವರನ್ನು ಕ್ಷೇಮವಾಗಿ ಮುಟ್ಟಿಸುವುದೇ ಅವನ ಪಾಲಿನ ಹಬ್ಬ.

ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂದು ಹಂಚಿಹೋಗಿದ್ದ ಕನ್ನಡ ನಾಡು ಒಂದಾದದ್ದು 1956ರ ನವೆಂಬರ್ 1ರಂದು. ಅದಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ಅದೇ ದಿನ. ನಾಡಿಗಾಗಿ ದುಡಿದವರನ್ನು ಈ ದಿನ ಗೌರವಿಸುವ ರಾಜ್ಯೋತ್ಸವ ಪ್ರಶಸ್ತಿ 1966ರಲ್ಲಿ ಆರಂಭವಾಯಿತು. ಪುರಸ್ಕೃತರ ಸಂಖ್ಯೆ ನೂರನ್ನು ಮೀರಿದ ವರ್ಷಗಳೂ ಉಂಟು. ಈಚೆಗೆ ಅದಕ್ಕೊಂದು ಸೊಗಸಾದ ಮಿತಿ ಬಂದಿದೆ: ರಾಜ್ಯಕ್ಕೆ ಎಷ್ಟನೆಯ ಉತ್ಸವವೋ ಅಷ್ಟೇ ಮಂದಿಗೆ ಪ್ರಶಸ್ತಿ. 2024ರಲ್ಲಿ 69, 2025ರಲ್ಲಿ 70. ನಾಮಕರಣದ ಸುವರ್ಣ ಮಹೋತ್ಸವದ ನೆನಪಿಗೆ 2024ರಲ್ಲಿ ಐವತ್ತು ಪುರುಷರಿಗೂ ಐವತ್ತು ಮಹಿಳೆಯರಿಗೂ ಪ್ರತ್ಯೇಕ ಪ್ರಶಸ್ತಿ ಸಂದಿತು. ನಾಡು ತನ್ನ ವಯಸ್ಸನ್ನು ಮನುಷ್ಯರಿಂದಲೇ ಎಣಿಸಿಕೊಳ್ಳುವುದು ಚೆಲುವಾದ ಕಲ್ಪನೆಯಲ್ಲವೆ?

ರಾಜ್ಯೋತ್ಸವದ ಚಿನ್ನದ ಪದಕ 25 ಗ್ರಾಂ ತೂಗುತ್ತದೆ. ಜತೆಗೆ ಐದು ಲಕ್ಷ ರೂಪಾಯಿ. ಅಕ್ಕಸಾಲಿಗನ ತಕ್ಕಡಿ ಇಷ್ಟನ್ನು ಹೇಳಬಲ್ಲುದು. ಪದಕದ ನಿಜವಾದ ತೂಕವನ್ನು ಹೇಳುವುದು ಮಾತ್ರ ಅದನ್ನು ಪಡೆದವರ ಬಾಳು. ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡ ಅಕ್ಷರ ಕಲಿತವರಲ್ಲ. ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ದಿನಗೂಲಿಯಾಗಿ ಸೇರಿ, ಬೀಜ ಆಯ್ದು, ಸಸಿ ಬೆಳೆಸುತ್ತ ದಶಕಗಳನ್ನು ಕಳೆದರು. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂದಿತು. 2021ರಲ್ಲಿ ಬರಿಗಾಲಿನಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಸ್ವೀಕರಿಸಿದಾಗಲೇ ದೇಶಕ್ಕೆ ಅವರ ಮುಖ ಪರಿಚಯವಾದದ್ದು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು; ಅವರು ನೆಟ್ಟ ಮರಗಳು ನೆರಳು ಕೊಡುತ್ತಿವೆ. ಅವರಂತೆಯೇ ಶಾಲೆಯ ಮುಖ ಕಾಣದವರು, ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬ. ವಿದೇಶಿಯರು ಹಣ್ಣಿನ ಬೆಲೆ ಕೇಳಿದಾಗ ಉತ್ತರಿಸಲಾಗದ ನೋವಿನಿಂದ ತಮ್ಮೂರಿಗೆ ಶಾಲೆಯನ್ನೇ ತಂದರು. ಗೌರವದೊಡನೆ ಬಂದ ಹಣವನ್ನೂ ಆ ಶಾಲೆಗೇ ಸುರಿದರು. ಇಂಥವರಿಂದ ಪದಕಕ್ಕೆ ತೂಕ ಬಂದಿತೇ ಹೊರತು ಪದಕದಿಂದ ಇವರಿಗಲ್ಲ.

ಆದರೂ ಅಕ್ಟೋಬರ್ ಬಂದೊಡನೆ ಶಿಫಾರಸಿನ ಮಾತು, ಬೇಸರದ ಮಾತು ಕೇಳಿಬರುವುದುಂಟು. ಕೇಳಿ ಪಡೆದ ಗೌರವ ಸಾಲ ತಂದ ಒಡವೆಯಂತೆ. ಮದುವೆಯ ಮನೆಯಲ್ಲಿ ಮಿರುಗುತ್ತದೆ, ಮನೆಗೆ ಬಂದ ಮೇಲೆ ಚುಚ್ಚುತ್ತದೆ. ಕೇಳದವರನ್ನು ಹುಡುಕುವುದು ಶ್ರಮದ ಕೆಲಸವೇ ಸರಿ. ಆದರೆ ಆ ಶ್ರಮವನ್ನು ಉಳಿಸಿಕೊಂಡ ನಾಡು, ಎದುರಿಗೆ ಬಂದು ನಿಂತವರನ್ನಷ್ಟೇ ಕಂಡೀತು.

ಇದೇ ಕಾರಣಕ್ಕೆ ಇನ್ನೊಂದು ಸಣ್ಣ ಪದಕವನ್ನು ಇಲ್ಲಿ ನೆನೆಯಬೇಕು. ಐದು ವರ್ಷ ಅಪಘಾತವಿಲ್ಲದೆ ಬಸ್ಸು ನಡೆಸಿದ ಚಾಲಕನಿಗೆ ರಾಜ್ಯದ ಸಾರಿಗೆ ಸಂಸ್ಥೆ ಬೆಳ್ಳಿಯ ಪದಕ ಕೊಡುತ್ತದೆ. ಹದಿನೈದು ವರ್ಷವಾದರೆ ಚಿನ್ನದ ಪದಕ. ಇದರ ವೈಶಿಷ್ಟ್ಯವನ್ನು ಗಮನಿಸಬೇಕು. ಉಳಿದ ಪದಕಗಳು ನಡೆದ ಸಾಧನೆಗೆ ಸಲ್ಲುತ್ತವೆ. ಇದು ನಡೆಯದೆ ಉಳಿದ ದುರಂತಕ್ಕೆ ಸಲ್ಲುತ್ತದೆ. ರಸ್ತೆ ದಾಟಿದ ಮಗು ಶಾಲೆ ಸೇರಿತು, ದಿನಸಿ ಚೀಲ ಹಿಡಿದ ತಾಯಿ ಮನೆ ಸೇರಿದಳು. ಯಾರೂ ಅದನ್ನು ಸುದ್ದಿಯೆಂದು ಬರೆಯಲಿಲ್ಲ. ಸಮಾಜದ ಸೇವೆಯಲ್ಲಿ ಬಹುಪಾಲು ಇಂಥದೇ: ಇದ್ದಾಗ ಕಾಣದು, ತಪ್ಪಿದಾಗ ಮಾತ್ರ ಕಂಡೀತು.

ಎಪ್ಪತ್ತು ಪದಕಗಳು ಕೋಟಿಗಟ್ಟಲೆ ಜನರನ್ನು ಮುಟ್ಟಲಾರವು. ಆದರೆ ಒಬ್ಬ ತುಳಸಿ ಗೌಡರನ್ನು ಗುರುತಿಸಿದ ಕಣ್ಣು ನೆರೆಮನೆಯ ದಾದಿಯನ್ನೂ ಬೀದಿ ಗುಡಿಸುವವಳನ್ನೂ ನೋಡಲು ಕಲಿತರೆ ಆ ಚಿನ್ನ ಸಾರ್ಥಕ. ಸಂಜೆ ದೀಪಾಂಜಲಿ ನಗರದ ನಿಲ್ದಾಣದಲ್ಲಿ ಇಳಿಯುವಾಗ ಚಾಲಕನತ್ತ ತಿರುಗಿ ಒಂದು ನಗೆ ಬೀರುವುದಕ್ಕೆ ಸರ್ಕಾರದ ಆದೇಶ ಬೇಕಿಲ್ಲ. ಅದಕ್ಕೆ ನವೆಂಬರ್ ಒಂದರವರೆಗೆ ಕಾಯಬೇಕಾಗಿಯೂ ಇಲ್ಲ.